ಒಂದು ಮಿಲಿಮೀಟರ್ ಹೆಚ್ಚು

"ಕಣ್ಣು ಕಾಣಲ್ವೇನ್ರೀ?"

ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು. ಅಷ್ಟರಲ್ಲಿ ಹನ್ನೆರಡು ಬಗೆಯ ಕಂದು ಬಣ್ಣ ಅವಳ ಏಪ್ರನ್ ಮೇಲಿಂದ ಇಳಿದು ಚಪ್ಪಲಿಯವರೆಗೆ ಬಂದಾಗಿತ್ತು. ಬೆಳಗಿನಿಂದ ಕೂತು ಬೆರೆಸಿದ ಬಣ್ಣ ಅದು…

ಎದುರಿಗೆ ನಿಂತಿದ್ದ ಮನುಷ್ಯನ ಎಡಗಣ್ಣಿಗೆ ಬಿಳಿ ಪಟ್ಟಿ ಕಟ್ಟಿತ್ತು. ಕುರ್ಚಿಯ ಬೆನ್ನು ಹಿಡಿಯಲು ಅವನು ಕೈ ಚಾಚಿದ್ದ. ಕುರ್ಚಿ ಅವನು ಅಂದುಕೊಂಡದ್ದಕ್ಕಿಂತ ಒಂದು ಗೇಣು ಆಚೆ ಇತ್ತು. ಕೈಗೆ ಸಿಕ್ಕಿದ್ದು ಬರೀ ಗಾಳಿ. ಆಯ ತಪ್ಪಿ, ಮೊಣಕೈ ಮೇಜಿಗೆ ತಾಗಿ, ಬಣ್ಣದ ತಟ್ಟೆ ಹಾರಿತ್ತು.

"ಒಂದು ಕಾಣುತ್ತೆ," ಎಂದ ಅವನು, ತುಂಬಾ ವಿನಯದಿಂದ. "ಇನ್ನೊಂದು ಮಾಡಿಸ್ಕೊಳ್ಳೋಣ ಅಂತಾನೇ ಬಂದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಕೃತಕ ಕಣ್ಣು ಮಾಡುವ ಜಾಗದಲ್ಲಿ ನಿಂತು, ಬಂದವರಿಗೆ ಕೇಳುವ ಮಾತೇ ಇದು?

ಕ್ಷಮಿಸಿ ಎನ್ನಬೇಕಿತ್ತು. ಅಂದಳೇ? ಇಲ್ಲ.

"ಕೂತ್ಕೊಳ್ಳಿ. ಏನನ್ನೂ ಮುಟ್ಟಬೇಡಿ," ಎಂದಳು.

ಅವಳ ಸ್ವಭಾವವೇ ಹಾಗೆ. ತಪ್ಪು ತನ್ನದು ಎಂದು ಗೊತ್ತಾದ ಕೂಡಲೇ ಇನ್ನಷ್ಟು ಸಿಡುಕುತ್ತಾಳೆ. ಈ ಕಥೆಯುದ್ದಕ್ಕೂ ಅದನ್ನೇ ಮಾಡುತ್ತಾಳೆ. ಓದುವವರು ಸಹಿಸಿಕೊಳ್ಳಬೇಕು, ಬರೆಯುವ ನಾನೇ ಸಹಿಸಿಕೊಂಡಿಲ್ಲವೇ?

ಕಣ್ಣಾಸ್ಪತ್ರೆಯ ಹಿಂದಿನ ಬೀದಿಯಲ್ಲಿ, ಕಿರಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆ. ಒಂದರಲ್ಲಿ ಕುರ್ಚಿ, ದೀಪ, ಬಣ್ಣದ ಮೇಜು. ಇನ್ನೊಂದರಲ್ಲಿ ಉಜ್ಜುವ ಯಂತ್ರ, ಅಚ್ಚುಗಳು, ಮತ್ತು ಎಳೆದರೆ ನೂರಾರು ಕಣ್ಣುಗಳು ಮೇಲೆ ನೋಡುವ ಡ್ರಾಯರ್‌ಗಳು. ನಲವತ್ತು ವರ್ಷ ಅಲ್ಲಿ ಅವಳ ಅಪ್ಪ ಕಣ್ಣು ಬರೆದಿದ್ದರು. ಈಗ ಅವರ ಕೈ ನಡುಗುತ್ತಿತ್ತು. ನಡುಗುವ ಕೈಯಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವುದು ಹೇಗೆ?

ಆಸ್ಪತ್ರೆಯ ಡಾಕ್ಟರು ಅಪ್ಪನಿಗೆ ಸ್ಪಷ್ಟವಾಗಿ ಹೇಳಿದ್ದರು. "ಈ ಬಡಗಿಯ ಕಣ್ಣನ್ನ ನಿಮ್ಮ ಮಗಳೇ ಪೂರ್ತಿ ಮಾಡಲಿ. ಸರಿ ಬಂದ್ರೆ ಎಲ್ಲರನ್ನೂ ಮೊದಲಿನ ಹಾಗೆ ನಿಮ್ಮಲ್ಲಿಗೇ ಕಳಿಸ್ತೀನಿ. ಇಲ್ಲಾಂದ್ರೆ ನಾವು ರೆಡಿಮೇಡ್ ಕಣ್ಣು ತರಿಸ್ಕೊಳ್ತೀವಿ, ಬೇಜಾರು ಮಾಡ್ಕೋಬೇಡಿ."

ಅಂದರೆ ಈ ಒಂದು ಕಣ್ಣು ಕೆಟ್ಟರೆ ಕೋಣೆಗಳಿಗೆ ಬೀಗ. ಹತ್ತು ವರ್ಷ ಅಪ್ಪನ ಪಕ್ಕ ಕೂತು ಕಲಿತದ್ದೆಲ್ಲ ನೀರಿನಲ್ಲಿ ಹೋಮ.

ಅಂಥ ಕಣ್ಣನ್ನು ಮಾಡಿಸಿಕೊಳ್ಳಲು ಬಂದವನು ಬಂದ ಕೂಡಲೇ ತಟ್ಟೆ ಬೀಳಿಸಿದ್ದ.

*

ಬಡಗಿ ಮಾಡುತ್ತಿದ್ದದ್ದು ಮನೆಯೊಳಗಿನ ಮೆಟ್ಟಿಲುಗಳ ಕೆಲಸ. ಒಂದು ವರ್ಷದ ಹಿಂದೆ ಮರದ ಸೀಳೊಂದು ಹಾರಿ ಬಂದು ಎಡಗಣ್ಣು ಹೋಗಿತ್ತು.

"ಒಂದೇ ಕಣ್ಣಲ್ಲಿ ಕೆಲಸ ಹೇಗೆ ಮಾಡ್ತೀರಿ?" ಕಣ್ಣುಗುಳಿಯ ಅಚ್ಚು ತೆಗೆಯುವಾಗ ಅವಳು ಕೇಳಿದಳು.

"ಹಲಗೆ ನೇರ ಇದ್ಯಾ ಅಂತ ನಾವು ಒಂದು ಕಣ್ಣು ಮುಚ್ಚೇ ನೋಡೋದು. ಆ ಮುಚ್ಚೋ ಕೆಲಸ ಉಳೀತು."

ನಗಬೇಕೋ ಬೇಡವೋ ತಿಳಿಯದೆ ಅವಳು ಗಂಟು ಮುಖ ಹಾಕಿಕೊಂಡಳು.

"ದೂರ ಮಾತ್ರ ಗೊತ್ತಾಗಲ್ಲ," ಎಂದ ಅವನು. "ಲೋಟ ಇಲ್ಲಿದೆ ಅಂದ್ಕೊಂಡು ನೀರು ಹಾಕ್ತೀನಿ, ಅದು ಅಲ್ಲಿರುತ್ತೆ. ಅಕ್ಕ ದಿನಾ ಮೇಜು ಒರೆಸ್ತಾಳೆ."

"ಎರಡು ಕಣ್ಣು ಒಂದೇ ವಸ್ತುನ ಸ್ವಲ್ಪ ಬೇರೆ ಬೇರೆ ಜಾಗದಿಂದ ನೋಡುತ್ತೆ. ಆ ಎರಡು ಚಿತ್ರ ಸೇರಿಸಿ ಮಿದುಳು ದೂರ ಲೆಕ್ಕ ಹಾಕುತ್ತೆ. ನಿಮ್ಮ ಮಿದುಳಿಗೆ ಈಗ ಒಂದೇ ಚಿತ್ರ ಸಿಗ್ತಿದೆ."

"ಎರಡು ಕಡೆಯಿಂದ ಅಳತೆ ತಗೊಂಡ ಹಾಗೆ."

"ಹೂಂ. ತಲೇನ ಆ ಕಡೆ ಈ ಕಡೆ ಸ್ವಲ್ಪ ಆಡಿಸಿ ನೋಡಿ. ಹತ್ತಿರದ್ದು ಜಾಸ್ತಿ ಸರಿದ ಹಾಗೆ ಕಾಣುತ್ತೆ, ದೂರದ್ದು ಕಡಿಮೆ. ನೀರು ಹಾಕುವಾಗ ಜಗ್ಗಿನ ಮೂತಿ ಲೋಟದ ಅಂಚಿಗೆ ತಾಗಿಸಿ."

ಅವನು ಕೂಡಲೇ ತಲೆ ಆಡಿಸತೊಡಗಿದ. ಮೇಜು ನೋಡಿ ಆಡಿಸಿದ, ದೀಪ ನೋಡಿ ಆಡಿಸಿದ, ಆಮೇಲೆ ಅವಳನ್ನು ನೋಡಿಯೂ ಆಡಿಸಿದ.

"ಈಗ ಬೇಡ ಮಹಾರಾಯ್ರೇ! ಅಚ್ಚು ಕೆಡುತ್ತೆ."

ಕಣ್ಣು ಬರೆಯುವ ಕೆಲಸ ಸುಲಭವಲ್ಲ. ಬರೆಯುವವರು ಎದುರಿನವರ ಮುಖದಿಂದ ಗೇಣು ದೂರದಲ್ಲಿ ಕೂರಬೇಕು. ಉಳಿದಿರುವ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬೇಕು, ಗಂಟೆಗಟ್ಟಲೆ. ಕಂದಿನೊಳಗೆ ಎಷ್ಟು ಹಳದಿ, ಅಂಚಿನಲ್ಲಿ ಎಷ್ಟು ಬೂದಿ, ಬಿಳಿಯಲ್ಲಿ ಯಾವ ಕಡೆ ಕೆಂಪು ನರ. ನರಗಳಿಗೆ ಕೆಂಪು ರೇಷ್ಮೆ ದಾರದ ಎಳೆ ಬಿಡಿಸಿ ಅಂಟಿಸಬೇಕು. ಕೊನೆಯದಾಗಿ ಪಾಪೆ, ಕಣ್ಣಿನ ನಡುವಿನ ಕರಿ ಚುಕ್ಕೆ. ಕರಿ ಚುಕ್ಕೆಗಳನ್ನು ಸಾಲಾಗಿ ಅಚ್ಚು ಹಾಕಿದ ಒಂದು ಪಟ್ಟಿ ಇರುತ್ತದೆ. ಅದನ್ನು ಕಣ್ಣಿನ ಪಕ್ಕ ಹಿಡಿದು ಯಾವ ಚುಕ್ಕೆ ಹೊಂದುತ್ತದೆ ಎಂದು ನೋಡಿ ಅಳತೆ ಬರೆದುಕೊಳ್ಳಬೇಕು.

"ಎಲ್ಲಿ ನೋಡ್ಲಿ?" ಅವನು ಕೇಳಿದ.

"ನನ್ನನ್ನೇ ನೋಡಿ."

ಅವನು ನೋಡಿದ. ಹೇಳಿದ ಕೆಲಸ ಶ್ರದ್ಧೆಯಿಂದ ಮಾಡುವ ಮನುಷ್ಯ.

ಹದಿನೈದು ದಿನ, ಬೆಳಗ್ಗೆ ಹನ್ನೊಂದಕ್ಕೆ, ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳುತ್ತಿತ್ತು. ಅವನ ಅಂಗಿಯಲ್ಲಿ ಹತ್ತರಿ ಹೊಡೆದ ಮರದ ವಾಸನೆ. ಅವನು ಬಂದರೆ ಕೋಣೆಯ ರಾಳದ ವಾಸನೆಯೂ ಸ್ವಲ್ಪ ಸಹ್ಯವಾಗುತ್ತಿತ್ತು. ಹನ್ನೊಂದೂ ಐದಾದರೆ ಅವಳು ಗಡಿಯಾರ ನೋಡುತ್ತಿದ್ದಳು. ಯಾಕೆ ನೋಡಿದೆ ಎಂದು ತನ್ನ ಮೇಲೇ ಸಿಟ್ಟಾಗುತ್ತಿದ್ದಳು. *ಗಿರಾಕಿ ಲೇಟಾದ್ರೆ ಬಣ್ಣ ಒಣಗುತ್ತೆ, ಅದಕ್ಕೆ,* ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಬಣ್ಣ ಅಷ್ಟು ಬೇಗ ಒಣಗುವುದಿಲ್ಲ ಎಂಬುದು ಅವಳಿಗೂ ಗೊತ್ತು, ನಮಗೂ ಗೊತ್ತು.

ಪಾಪೆಯ ಅಳತೆ ನಾಲ್ಕೂವರೆ ಮಿಲಿಮೀಟರ್ ಬಂತು. ಬರೆದಳು. ಮೇಲೆ ಗಾಜಿನಂಥ ಪಾರದರ್ಶಕ ಪದರ ಕೂರಿಸಿದಳು, ಉಜ್ಜಿದಳು, ಹೊಳಪು ಕೊಟ್ಟಳು. ಹಾಕಿಕೊಟ್ಟಾಗ ಎರಡು ಕಣ್ಣಿಗೂ ವ್ಯತ್ಯಾಸವೇ ತಿಳಿಯಲಿಲ್ಲ.

ಬಡಗಿ ಕನ್ನಡಿಯನ್ನು ಒಂದು ಕ್ಷಣ ಮಾತ್ರ ನೋಡಿ ಕೆಳಗಿಟ್ಟ. "ಚೆನ್ನಾಗಿದೆ," ಎಂದ ಅವಳತ್ತ ತಿರುಗಿ. ಧ್ವನಿ ಸ್ವಲ್ಪ ಒಡೆದಿತ್ತು.

ಅವಳ ಎದೆ ತುಂಬಿ ಬಂತು.

ಆ ಸಂತೋಷ ಮೂರು ದಿನವೂ ಉಳಿಯಲಿಲ್ಲ.

*

"ಯಾರಮ್ಮ ಈ ಕಣ್ಣು ಮಾಡಿದ್ದು?"

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತಿದ್ದವಳು ಬಡಗಿಯ ಅಕ್ಕ. ಕೊರಳಲ್ಲಿ ಅಳತೆ ಟೇಪು ಹಾಗೇ ಜೋತಾಡುತ್ತಿತ್ತು. ಬಟ್ಟೆ ಹೊಲಿಯುವವಳು. ಬಡಗಿ ಅವಳ ಹಿಂದೆ, ತಾನು ಇವಳ ಜೊತೆ ಬಂದೇ ಇಲ್ಲ ಎನ್ನುವಂತೆ ಗೋಡೆ ನೋಡುತ್ತಿದ್ದ.

"ನಾನೇ. ಏನಾಯ್ತು?"

"ಒಂದು ಕಣ್ಣು ಮನುಷ್ಯರದ್ದು, ಒಂದು ಗೂಬೇದು. ಅದಾಯ್ತು."

"ಏನಂದ್ರಿ?"

"ಕರಿ ಚುಕ್ಕೆ ದೊಡ್ಡದು. ನಾನು ಎರಡು ತೋಳು ಒಂದೇ ಅಳತೆಗೆ ಹೊಲಿಯೋಳಮ್ಮ, ನನಗೆ ಕಣ್ಣಳತೆ ಇಲ್ಲ ಅನ್ಬೇಡ. ನೋಡು ಬೇಕಾದ್ರೆ. ಲೇ, ತಿರುಗೋ ಇಲ್ಲಿ."

ಬಡಗಿ ತಿರುಗಿದ. ಅವಳು ಮೇಜಿನಿಂದ ಚುಕ್ಕೆಗಳ ಪಟ್ಟಿ ತಂದು ಹಿಡಿದಳು. ಬಲಗಣ್ಣು ನಾಲ್ಕೂವರೆ. ಎಡಗಣ್ಣು ನಾಲ್ಕೂವರೆ.

"ಸರಿಯಾಗೇ ಇದೆಯಲ್ಲ!"

ಅಕ್ಕ ಬಗ್ಗಿ ನೋಡಿದಳು. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. "ಬೆಳಗ್ಗೆ ಹೀಗಿರಲಿಲ್ಲ," ಎಂದಳು. "ನನ್ನಾಣೆಗೂ ಇರಲಿಲ್ಲ."

ದೀಪದ್ದೇ ತಪ್ಪಿರಬೇಕು ಎಂದುಕೊಂಡಳು ಅವಳು. ಬೆಳಕು ಕಡಿಮೆಯಾದರೆ ಪಾಪೆ ಹಿಗ್ಗುತ್ತದೆ, ಹೆಚ್ಚಾದರೆ ಕುಗ್ಗುತ್ತದೆ. ಹೊಸ ಬಲ್ಬು ಹಾಕಿಸಿದಳು. ಕಣ್ಣನ್ನು ವಾಪಸ್ ತೆಗೆದುಕೊಂಡು, ಮುಂಭಾಗ ಉಜ್ಜಿ, ಅವನನ್ನು ಕಿಟಕಿಯ ಪಕ್ಕ ಕೂರಿಸಿ, ಮೊದಲಿನಿಂದ ಅಳೆದಳು. ನಾಲ್ಕೂವರೆ. ಮಧ್ಯಾಹ್ನ ಅಳೆದಳು. ನಾಲ್ಕೂವರೆ. ಮರುದಿನ ಅಳೆದಳು. ಅದೇ! ಮತ್ತೆ ಬರೆದು ಕೊಟ್ಟಳು.

ಐದನೆಯ ದಿನ ಅಕ್ಕ ಮತ್ತೆ ಬಂದಳು. ಈ ಸಲ ಕೈಯಲ್ಲಿ ಒಂದು ಕಾಗದ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ತಮ್ಮ ಊಟಕ್ಕೆ ಕೂತಾಗ, ಕೆಲಸ ಮಾಡುವಾಗ, ಪ್ರತಿ ಸಲ ಟೇಪು ಹಿಡಿದು ಬರೆದ ಬಲಗಣ್ಣಿನ ಚುಕ್ಕೆಯ ಅಳತೆ. ಎಲ್ಲವೂ ಹೆಚ್ಚುಕಡಿಮೆ ಮೂರೂವರೆ.

"ಡಾಕ್ಟ್ರಿಗೂ ತೋರಿಸಿದೆ," ಎಂದಳು ಅಕ್ಕ, ಈಗ ಸ್ವಲ್ಪ ಮೆತ್ತಗೆ. "ಇನ್ನೊಂದು ಸಲ ನೋಡೋಣ, ಆಮೇಲೆ ರೆಡಿಮೇಡೇ ಹಾಕ್ಸೋಣ ಅಂದ್ರು. ನನಗೂ ಪಾಪ ಅನ್ಸುತ್ತಮ್ಮ. ಆದ್ರೆ ಒಂದು ಮಿಲಿಮೀಟರ್ ಹೆಚ್ಚಿದ್ರೆ ತೋಳು ಯಾರ ಕಣ್ಣಿಗೂ ಬೀಳಲ್ಲ, ಕಣ್ಣು ಎಲ್ಲರ ಕಣ್ಣಿಗೂ ಬೀಳುತ್ತೆ."

ಇನ್ನೊಂದು ಸಲ. ಅಷ್ಟೇ…

*

ಮರುದಿನ ಅವನು ಒಬ್ಬನೇ ಬಂದು ಕುರ್ಚಿಯಲ್ಲಿ ಕೂತ. ಅವಳು ಪಟ್ಟಿ ಹಿಡಿದಳು. ನಾಲ್ಕೂವರೆ. ಅವಳ ಪಿತ್ತ ನೆತ್ತಿಗೇರಿತು.

"ನಿಜ ಹೇಳಿ. ಇಲ್ಲಿಗೆ ಬರೋ ಮುಂಚೆ ಕಣ್ಣಿಗೆ ಏನಾದ್ರೂ ಹಾಕ್ಕೊಳ್ತೀರಾ?"

"ಏನು ಹಾಕ್ಕೊಳ್ಲಿ?"

"ಡ್ರಾಪ್ಸ್. ಪಾಪೆ ದೊಡ್ಡದಾಗೋ ಔಷಧಿ ಇರುತ್ತೆ. ಆಸ್ಪತ್ರೇಲಿ ಕೊಟ್ಟಿರ್ತಾರೆ."

"ಯಾಕೆ ಹಾಕ್ಕೊಳ್ಲಿ, ಮೇಡಂ?"

"ಇಲ್ಲಿಗೆ ಪದೇ ಪದೇ ಬರೋದಕ್ಕೆ ನೆಪ ಬೇಕಲ್ಲ!"

ಹೇಳಬಾರದಿತ್ತು. ಹೇಳಿಯಾಯಿತು.

ಅವನು ಎದ್ದ.

"ಈ ಕುರ್ಚೀಲಿ ಕೂತಾಗೆಲ್ಲ ಆ ಮರದ ಸೀಳು ಮತ್ತೆ ಮುಖಕ್ಕೆ ಬರುತ್ತೆ ನನಗೆ," ಎಂದ. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಆದ್ರೂ ಬರ್ತಿದ್ದೆ. ಯಾಕೆ ಅಂತ ನೀವು ಒಂದು ದಿನವಾದ್ರೂ ಕೇಳಿದ್ರೆ ಹೇಳ್ತಿದ್ದೆ. ತಿಂಗಳಿಂದ ನೀವು ನನ್ನ ಕಣ್ಣು ನೋಡ್ತಿದೀರಿ. ನನ್ನನ್ನ ಒಂದು ಸಲಾನೂ ನೋಡಿಲ್ಲ."

ಬಾಗಿಲ ಹಿಡಿಗೆ ಕೈ ಚಾಚಿದ. ಸಿಗಲಿಲ್ಲ. ಎರಡನೆಯ ಸಲ ಸಿಕ್ಕಿತು. ಹೋದ.

ಅವಳು ಕೂತಲ್ಲೇ ಕೂತಳು. *ಹೋಗ್ಲಿ ಬಿಡು. ಯಾರಿಗೆ ಬೇಕು.* ಕಣ್ಣು ಮಾತ್ರ ಅವಳ ಮಾತು ಕೇಳದೆ ತುಂಬಿಕೊಂಡಿತು. ಈಗಂತೂ ಎಲ್ಲ ಮುಗಿಯಿತು. ಗಿರಾಕಿಯೇ ಹೋದ ಮೇಲೆ ಕಣ್ಣೆಲ್ಲಿ, ಕೆಲಸವೆಲ್ಲಿ? ಅದಕ್ಕಿಂತ… ನಾಳೆ ಹನ್ನೊಂದಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳುವುದಿಲ್ಲವಲ್ಲ?

"ಪುಟ್ಟೀ, ಅಳತೆ ಪುಸ್ತಕ ತಾ," ಪಕ್ಕದ ಕೋಣೆಯಿಂದ ಅಪ್ಪ ಕರೆದರು.

ನಡುಗುವ ಬೆರಳಿನಿಂದ ಪುಟ ತಿರುಗಿಸಿದರು. ಒಂದು ಕಡೆ ಮಗಳ ಅಳತೆ, ಇನ್ನೊಂದು ಕಡೆ ಅಕ್ಕನ ಕಾಗದ. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖದಲ್ಲಿ ಏನೋ ಮಿಂಚಿತು.

"ಹತ್ತಿರ ಇರೋದನ್ನ ನೋಡುವಾಗ ಪಾಪೆ ಏನಾಗ್ಬೇಕು?"

"ಕಿರಿದಾಗ್ಬೇಕು. ಅಪ್ಪಾ, ಈಗ ಪರೀಕ್ಷೆ ಬೇಡ."

"ನೀನು ಗೇಣು ದೂರದಲ್ಲಿ ಕೂತಿರ್ತೀಯ. ಎದುರಿಗೆ ದೀಪ ಬೇರೆ. ಆ ಚುಕ್ಕೆ ಮೂರೂವರೆಗಿಂತ ಕಡಿಮೆ ಇರ್ಬೇಕಿತ್ತು. ನಿನಗೆ ಮಾತ್ರ ಯಾಕೆ ದೊಡ್ಡದಾಗಿ ಕಾಣ್ತು?"

"ಅದೇ ಗೊತ್ತಾಗ್ತಿಲ್ವಲ್ಲ, ಒಗಟು ಹೇಳ್ಬೇಡಿ ನೀವೂ!"

ಅಪ್ಪ ಪುಸ್ತಕ ಮುಚ್ಚಿದರು. "ಒಗಟೇನಿಲ್ಲ. ಅವನ ಕೆಲಸದ ಜಾಗಕ್ಕೆ ಹೋಗಿ ಅವನನ್ನ ನೋಡು. ಅವನು ನಿನ್ನನ್ನ ನೋಡೋ ಮುಂಚೆ ನೀನು ನೋಡು. ಆಮೇಲೂ ನೋಡು. ಅಷ್ಟೇ."

*

ಬಡಗಿಯ ಕೆಲಸದ ಶೆಡ್ಡು ಅಕ್ಕನ ಹೊಲಿಗೆ ಅಂಗಡಿಗೆ ಅಂಟಿಕೊಂಡಿತ್ತು. ಎರಡಕ್ಕೂ ನಡುವೆ ಒಂದು ತೆರೆದ ಬಾಗಿಲು. ಮರುದಿನ ಅವಳು ಹೋದಾಗ ಮಧ್ಯಾಹ್ನದ ಬೆಳಕು ದೊಡ್ಡ ಕಿಟಕಿಯಿಂದ ನೇರ ಒಳಗೆ ಬಿದ್ದಿತ್ತು. ಅವಳು ಹೊಸ್ತಿಲ ಹೊರಗೇ ನಿಂತಳು.

ಅವನು ಮೆಟ್ಟಿಲಿನ ಮರದ ಕೈಹಿಡಿಯೊಂದನ್ನು ಉಜ್ಜುತ್ತಿದ್ದ. ಅವಳು ಮಾಡಿದ ಕಣ್ಣು ಹಾಕಿಕೊಂಡಿದ್ದ. ಮುಖ ಬೆಳಕಿನ ಕಡೆಗಿತ್ತು. ಪಟ್ಟಿಯೇ ಬೇಕಿರಲಿಲ್ಲ, ಅಲ್ಲಿಂದಲೇ ಕಾಣುತ್ತಿತ್ತು. ಬಲಗಣ್ಣಿನ ಚುಕ್ಕೆ ಸಣ್ಣದು. ಎಡಗಣ್ಣಿನದು ದೊಡ್ಡದು. ಅಕ್ಕ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗೂಬೆಯೇ.

ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು. ತಿರುಗಿ ಹೋಗಿಬಿಡೋಣ ಅನ್ನಿಸಿತು.

ಅಷ್ಟರಲ್ಲಿ ಅವನು ತಲೆ ಎತ್ತಿದ.

ಅವಳನ್ನು ಕಂಡು ಹುಬ್ಬು ಗಂಟಾಯಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ತುಟಿ ಬಿಗಿಯಿತು. ಮುಖವೆಲ್ಲ "ಯಾಕೆ ಬಂದ್ರಿ" ಎಂದು ಕೇಳುತ್ತಿತ್ತು.

ಆದರೆ ಬಲಗಣ್ಣಿನ ನಡುವಿನ ಆ ಕರಿ ಚುಕ್ಕೆ, ಅವನ ಸಿಟ್ಟಿಗೆ ಕಿವಿಗೊಡದೆ, ಒದ್ದೆ ಕಾಗದದ ಮೇಲೆ ಬಿದ್ದ ಮಸಿಯ ಹಾಗೆ ನಿಧಾನವಾಗಿ ಹರಡತೊಡಗಿತು. ಬೆಳಕು ಬದಲಾಗಿರಲಿಲ್ಲ. ಮೋಡ ಬಂದಿರಲಿಲ್ಲ. ಅವಳು ಉಸಿರು ಹಿಡಿದು ನೋಡಿದಳು. ಹಿಗ್ಗಿ ಹಿಗ್ಗಿ, ಅವಳೇ ಕೈಯಾರೆ ಬರೆದ ಎಡಗಣ್ಣಿನ ಚುಕ್ಕೆಗೆ ಸಮನಾಗಿ ಅದು ನಿಂತಿತು.

ಎರಡು ಕಣ್ಣೂ ಒಂದೇ.

"ಅರೆ," ಎಂದಳು ಅಕ್ಕ ಒಳಬಾಗಿಲಿನಿಂದ ಇಣುಕಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಈಗ ಸರಿ ಇದ್ಯಲ್ಲ?"

ಅವಳಿಗೆ ನಗು ಬಂತು, ಅಳುವೂ ಬಂತು. ಎರಡನ್ನೂ ತಡೆಯಲು ಹೋಗಿ ಬಂದದ್ದು ಎಂದಿನ ಸಿಡುಕು.

"ತಲೆ ಚಿಟ್ಟು ಹಿಡಿಸಿಬಿಟ್ರಿ ನೀವು! ಮೊದಲೇ ಹೇಳೋದಕ್ಕೇನಾಗಿತ್ತು?"

"ಏನನ್ನ?" ಅವನಿಗೆ ಅರ್ಥವಾಗಲಿಲ್ಲ.

"ಪಾಪೆ ಬೆಳಕು ಕಡಿಮೆ ಆದಾಗ ಮಾತ್ರ ಹಿಗ್ಗೋದಲ್ಲ. ಹೆದರಿಕೆ ಆದ್ರೂ ಹಿಗ್ಗುತ್ತೆ. ತುಂಬಾ… ತುಂಬಾ ಇಷ್ಟವಾದ್ದನ್ನ ನೋಡಿದ್ರೂ ಹಿಗ್ಗುತ್ತೆ. ಅದು ನಮ್ಮ ಕೈಲಿಲ್ಲ, ನರಗಳು ತಾವೇ ಮಾಡೋ ಕೆಲಸ. ನಿಮ್ಮ ಕಣ್ಣು ಎಲ್ಲರ ಎದುರಿಗೆ ಮೂರೂವರೆ. ನಾನು ಅಳೆಯೋಕೆ ಬಂದ್ರೆ ನಾಲ್ಕೂವರೆ. ನಾನು ಬರೆದಿದ್ದು ಸರಿಯಾಗೇ ಇತ್ತು. ನಾನು ಎದುರಿಗಿದ್ದಾಗ ಮಾತ್ರ ಸರಿ!"

ಬಡಗಿಯ ಕಿವಿ ಕೆಂಪಾದವು. ಉಜ್ಜು ಕಾಗದವನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಹೆದರಿಕೆಗೂ ಹಿಗ್ಗುತ್ತೆ ಅಂದ್ರಲ್ಲ," ಎಂದ ಕೊನೆಗೆ. "ಅದೂ ಸ್ವಲ್ಪ ಇರ್ಬಹುದು."

ಅಕ್ಕ ಗುಂಡುಸೂಜಿಗಳನ್ನು ಬಾಯಿಂದ ತೆಗೆದು, ತನಗೆ ಒಳಗೆ ತುಂಬಾ ಕೆಲಸವಿದೆ ಎಂದು ಯಾರೂ ಕೇಳದಿದ್ದರೂ ಹೇಳಿ, ಬಾಗಿಲು ಮುಚ್ಚಿಕೊಂಡಳು.

"ನಿನ್ನೆ ಹಾಗನ್ಬಾರ್ದಿತ್ತು," ಅವಳು ನೆಲ ನೋಡುತ್ತ ಹೇಳಿದಳು. "ಮೊದಲ ದಿನಾನೂ. ಕಣ್ಣು ಕಾಣಲ್ವಾ ಅಂತ… ಆ ದಿನವೇ ಕ್ಷಮಿಸಿ ಅನ್ಬೇಕಿತ್ತು. ಎರಡಕ್ಕೂ ಸೇರಿಸಿ ಈಗ ಹೇಳ್ತಿದೀನಿ. ಕ್ಷಮಿಸಿ."

"ನಿನ್ನೇದಕ್ಕೆ ಕ್ಷಮಿಸ್ತೀನಿ. ಮೊದಲ ದಿನದ್ದು ಹಾಗೇ ಇರ್ಲಿ."

"ಯಾಕೆ?"

"ಕಣ್ಣು ಹೋದ ಮೇಲೆ ಎಲ್ಲರೂ ನನ್ನ ಹತ್ರ ಮೆತ್ತಗೆ ಮಾತಾಡೋರು. ಕೈ ತಪ್ಪಿ ಏನಾದ್ರೂ ಬೀಳಿಸಿದ್ರೆ, 'ಪರವಾಗಿಲ್ಲ, ಪಾಪ' ಅನ್ನೋರು. ಒಂದು ವರ್ಷ ಆ 'ಪಾಪ' ಕೇಳಿ ಕೇಳಿ ಸಾಕಾಗಿತ್ತು. ನೀವೊಬ್ಬರೇ ಬೈದಿದ್ದು." ಅವನು ನಕ್ಕ. "ನನ್ನನ್ನೂ ಒಬ್ಬ ಮನುಷ್ಯ ಅಂತ ತಿಳಿದು ಬೈದ್ರಿ ಅನ್ನಿಸ್ತು. ಆಮೇಲೆ ದಿನಾ ಬೈಸ್ಕೊಳ್ಳೋಕೇ ಬರ್ತಿದ್ದೆ."

ಅವಳು ಅವನ ಕೈಯ ಉಜ್ಜು ಕಾಗದ ಕಿತ್ತುಕೊಂಡು, ಬಿಡಿಸಿ ವಾಪಸ್ ಕೊಟ್ಟಳು.

"ನಾಳೆ ಹನ್ನೊಂದಕ್ಕೆ ಬನ್ನಿ," ಎಂದಳು. "ಅಕ್ಕನ್ನೂ ಕರ್ಕೊಂಡು ಬನ್ನಿ."

*

ಮರುದಿನ ಅಳತೆ ತೆಗೆದವಳು ಅಕ್ಕ. ನಮ್ಮ ನಾಯಕಿಯನ್ನು ಪಕ್ಕದ ಕೋಣೆಗೆ ತಳ್ಳಿ ಅಪ್ಪ ಬಾಗಿಲು ಹಾಕಿದ್ದರು. "ಮೂರೂವರೆ," ಎಂದು ಕೂಗಿದಳು ಅಕ್ಕ. ಬಾಗಿಲಾಚೆಯಿಂದ ಅವಳು ಒಂದು ಸಲ ಕೆಮ್ಮಿದಳು. "ಹೂಂ, ಹಿಗ್ತು. ಸುಮ್ನಿರಮ್ಮ ತಾಯಿ, ಉಸಿರಾಡ್ಬೇಡ," ಎಂದಳು ಅಕ್ಕ.

ಅವಳು ಹಳೆಯ ಕಣ್ಣನ್ನು ಉಜ್ಜಲಿಲ್ಲ. ಹೊಸ ಅಚ್ಚಿನಿಂದ ಹೊಸದನ್ನೇ ಮಾಡಿದಳು. ಡಾಕ್ಟರು ಬೆಳಕು ಬಿಟ್ಟು ನೋಡಿದರು, ಕೋಣೆಯ ಆ ತುದಿಯಿಂದ ನೋಡಿದರು, ಯಾವ ಕಣ್ಣು ತೆಗೆದದ್ದು ಎಂದು ಫೈಲು ನೋಡಿ ಖಚಿತ ಮಾಡಿಕೊಂಡರು. ಮುಂದಿನ ಸೋಮವಾರ ಬೆಳಗ್ಗೆ ಮೆಟ್ಟಿಲ ಮೇಲೆ ಮೂರು ಮಂದಿ ಹೊಸ ರೋಗಿಗಳು ಆಸ್ಪತ್ರೆಯ ಚೀಟಿ ಹಿಡಿದು ಕಾಯುತ್ತಿದ್ದರು. ಅಪ್ಪ ತಮ್ಮ ಕುರ್ಚಿಯ ಮೆತ್ತೆಯನ್ನು ತೆಗೆದು ಮಗಳ ಕುರ್ಚಿಗೆ ಹಾಕಿದರು.

ಕೊನೆಯ ರೋಗಿ ಇಳಿದು ಹೋದ ಮೇಲೆ ಬಡಗಿ ಹತ್ತಿ ಬಂದ. ಬಾಗಿಲಲ್ಲೇ ನಿಂತು ತಲೆಯನ್ನು ಆ ಕಡೆ ಈ ಕಡೆ ಆಡಿಸತೊಡಗಿದ.

"ಏನು ಮಾಡ್ತಿದೀರಿ?"

"ಎಷ್ಟು ದೂರ ಇದೀರಿ ಅಂತ ನೋಡ್ತಿದೀನಿ."

"ಗೊತ್ತಾಯ್ತಾ?"

"ಇಲ್ಲ. ಹತ್ತಿರ ಬಂದೇ ನೋಡ್ಬೇಕು."

ಬಂದ. ಈ ಸಲ ಏನೂ ಬೀಳಿಸಲಿಲ್ಲ. ಮೇಜಿನ ಮೇಲಿದ್ದ ಚುಕ್ಕೆಗಳ ಪಟ್ಟಿಯನ್ನು ಒಂದೇ ಸಲಕ್ಕೆ ಕೈಗೆತ್ತಿಕೊಂಡು ಅವಳ ಕಣ್ಣಿನ ಪಕ್ಕ ಹಿಡಿದ. ಒಂದೊಂದೇ ಚುಕ್ಕೆ ಸರಿಸಿ, ಬಡಗಿಯ ತಾಳ್ಮೆಯಿಂದ ಹೊಂದಿಸಿದ. ಅವಳು ಅಲುಗಾಡಲಿಲ್ಲ. ಕಿಟಕಿಯ ಬೆಳಕು ನೇರ ಅವಳ ಮುಖದ ಮೇಲಿತ್ತು.

"ಎಷ್ಟು?" ಕೇಳಿದಳು.

"ಐದು."

"ಸುಳ್ಳು. ಅಷ್ಟು ಇರೋಕೆ ಸಾಧ್ಯವಿಲ್ಲ. ಸರಿಯಾಗಿ ಹಿಡೀರಿ."

"ಹಿಡಿದಿದೀನಿ. ನನಗಿಂತ ಅರ್ಧ ಹೆಚ್ಚೇ ಇದೆ."

ಅವಳು ಪಟ್ಟಿ ಕಿತ್ತುಕೊಂಡು ಡ್ರಾಯರ್ ಎಳೆದಳು. ಒಂದು ಪುಟ್ಟ ಡಬ್ಬಿ ತೆಗೆದು ಅವನ ಕೈಯಲ್ಲಿಟ್ಟಳು. ಒಳಗೆ ಹತ್ತಿಯ ಮೇಲೆ ಆ ಹಳೆಯ ಕಣ್ಣು, ಒಂದು ಮಿಲಿಮೀಟರ್ ಹೆಚ್ಚಿನದು, ಹೊಸದಾಗಿ ಹೊಳಪು ಕೊಟ್ಟದ್ದು.

"ಇದ್ಯಾಕೆ? ಇದನ್ನ ಹಾಕ್ಕೊಂಡು ಹೊರಗೆ ಹೋದ್ರೆ ಅಕ್ಕ ಗೂಬೆ ಅಂತಾಳೆ."

"ಹೊರಗೆ ಹೊಸದು ಹಾಕ್ಕೊಳ್ಳಿ. ಇದು ಮನೇಲಿ ಹಾಕ್ಕೊಳ್ಳೋಕೆ."

"ಯಾರ ಮನೇಲಿ?"

ಅವಳು ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. ಅವನತ್ತ ತಿರುಗಿದಾಗ ಮುಖದಲ್ಲಿ ಅದೇ ಹಳೆಯ ಸಿಡುಕಿತ್ತು.

"ನಾನಿರೋ ಮನೇಲಿ. ಬೇರೆಲ್ಲೂ ಅದು ಹೊಂದಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"